ಮಿಲ್ಲಿನವರ ಮನೆ ಮಾರಾಟಕ್ಕಿದೆ

ಬೆಂಗಳೂರಲ್ಲಿ ಮನೆ ಹುಡುಕಿದವರಿಗೆಲ್ಲ ಜಾಹೀರಾತಿನ ಭಾಷೆ ಬಾಯಿಪಾಠ ಆಗಿರುತ್ತೆ. ಬ್ರ್ಯಾಂಡ್ ನ್ಯೂ, ಈಸ್ಟ್ ಫೇಸಿಂಗ್, ನೂರಕ್ಕೆ ನೂರು ವಾಸ್ತು, ಕಾವೇರಿ ನೀರು, ಕವರ್ಡ್ ಕಾರ್ ಪಾರ್ಕಿಂಗ್, ಮೆಟ್ರೋ ಸ್ಟೇಷನ್ನಿಗೆ ಹತ್ತೇ ನಿಮಿಷ (ಆಂಬುಲೆನ್ಸಲ್ಲಿ ಹೋದರೆ). ಮನೆಗೆ ಹತ್ತು ವರ್ಷ ಆಗಿದ್ದರೆ ಬ್ರೋಕರ್ ದನಿ ಸ್ವಲ್ಪ ತಗ್ಗುತ್ತೆ. ಇಪ್ಪತ್ತೈದು ದಾಟಿದ್ದರೆ "ಬಿಲ್ಡಿಂಗ್ ಬಿಡಿ ಸಾರ್, ಸೈಟ್ ವ್ಯಾಲ್ಯೂ ನೋಡಿ" ಅಂತಾನೆ.

ಹಾಗಾಗಿ ಇಂಗ್ಲೆಂಡಿನಲ್ಲಿ ಒಂದು ಮನೆಯ ಜಾಹೀರಾತು ನೋಡಿದಾಗ ನನಗೆ ನಗು ಬಂತು. ಅಲ್ಲಿ ಮೊದಲನೇ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ, ಮನೆ ಎಷ್ಟು ಹಳೇದು ಅಂತ ಕೊಚ್ಚಿಕೊಂಡಿದ್ದರು. ಹತ್ತೊಂಬತ್ತನೇ ಶತಮಾನದ ಮಿಲ್ ಕಾರ್ಮಿಕರ ಮನೆ. ಆ ಕಾಲದ ಕಬ್ಬಿಣದ ಒಲೆಗೂಡು ಇದೆ. ಕಲ್ಲು ಚಪ್ಪಡಿಯ ನೆಲ ಇದೆ. ಮೇಲಕ್ಕೆ ಕೆಳಕ್ಕೆ ಜಾರುವ ಮರದ ಕಿಟಕಿ ಇದೆ. ನೆಲಮಾಳಿಗೆಯಲ್ಲಿ ಕಲ್ಲಿನ ಕಟ್ಟೆ ಇದೆ. ಇದಕ್ಕೆಲ್ಲ ಒಟ್ಟಾಗಿ ಅವರು ಕೊಟ್ಟ ಹೆಸರು 'ಪೀರಿಯಡ್ ಫೀಚರ್ಸ್'. ಬೆಲೆ ಎರಡು ಲಕ್ಷ ಪೌಂಡಿನ ಮೇಲೆ. ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಕೋಟಿಗೂ ಜಾಸ್ತಿ.

ಆಗ ನಾನು ಪ್ರಾಜೆಕ್ಟ್ ಮೇಲೆ ಲೀಡ್ಸ್‌ನಲ್ಲಿದ್ದೆ. ಶನಿವಾರ ಬಂದರೆ ಬಟ್ಟೆ ಒಗೆದು, ಅನ್ನ ಸಾರು ಮಾಡಿ, ಮಧ್ಯಾಹ್ನ ಎಲ್ಲಿಗಾದರೂ ರೈಲು ಹತ್ತೋದು ಅಭ್ಯಾಸವಾಗಿತ್ತು. ಹಾಗೆ ಹತ್ತಿದ ರೈಲೊಂದು ಹದಿನೈದು ನಿಮಿಷದಲ್ಲೇ ಸಾಲ್ಟೇರ್ ಅನ್ನೋ ಪುಟ್ಟ ಸ್ಟೇಷನ್ನಿನಲ್ಲಿ ಇಳಿಸಿತು. ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಅರಮನೆ ಅನ್ನಬಹುದಾದಂಥ ದೊಡ್ಡ ಕಲ್ಲಿನ ಮಿಲ್ಲು. ಅದರ ಎದುರಿಗೆ ಏರುತ್ತಾ ಹೋಗುವ ಬೀದಿಗಳು, ಸಾಲು ಹಿಡಿದು ನಿಂತ ಜೇನುಬಣ್ಣದ ಕಲ್ಲಿನ ಮನೆಗಳು. ಅದರಲ್ಲೊಂದರ ಮುಂದೆ ಮಾರಾಟದ ಬೋರ್ಡು ನೆಟ್ಟಿದ್ದರು, ಬಾಗಿಲು ತೆರೆದಿತ್ತು. ಏಜೆಂಟ್ ಹುಡುಗಿಯೊಬ್ಬಳು ಬಂದವರಿಗೆಲ್ಲ ಮನೆ ತೋರಿಸುತ್ತಿದ್ದಳು. ಕೊಳ್ಳುವ ಯೋಗ್ಯತೆ ಇಲ್ಲದಿದ್ದರೂ ಹೋಗಿ ಕ್ಯೂನಲ್ಲಿ ನಿಂತೆ. ನೋಡೋದಕ್ಕೆ ದುಡ್ಡಿಲ್ಲವಲ್ಲ!

ಈ ಮನೆ ಯಾಕೆ ಹುಟ್ಟಿತು ಅಂತ ಗೊತ್ತಾಗಬೇಕಾದರೆ ಅಲ್ಲಿಂದ ಕೆಲವೇ ಮೈಲಿ ದೂರದ ಬ್ರಾಡ್‌ಫರ್ಡ್ ಪೇಟೆಯಿಂದ ಶುರು ಮಾಡಬೇಕು. 1801ರಲ್ಲಿ ಸುಮಾರು 13,000 ಜನ ಇದ್ದ ಊರು ಅದು. 1851ರ ಹೊತ್ತಿಗೆ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಐವತ್ತು ವರ್ಷದಲ್ಲಿ ಎಂಟು ಪಟ್ಟು! ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಬೆಳೆದದ್ದನ್ನ ಕಣ್ಣಾರೆ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ವರ್ಸ್ಟೆಡ್ ಅನ್ನೋ ನುಣುಪಾದ ಉಣ್ಣೆ ಬಟ್ಟೆಗೆ ಬ್ರಾಡ್‌ಫರ್ಡ್ ಆಗ ಜಗತ್ತಿಗೇ ಹೆಸರುವಾಸಿ. ಕೈಮಗ್ಗ ಹೋಗಿ ಉಗಿ ಯಂತ್ರ ಬಂತು, ಹಳ್ಳಿಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬಂದರು, ಐರ್ಲೆಂಡಿನ ಬರಗಾಲ ತಪ್ಪಿಸಿಕೊಂಡು ಬಂದವರೂ ಸೇರಿದರು. ಇವರೆಲ್ಲ ಇರೋದೆಲ್ಲಿ? ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ, ಹಿಂದೆ ಕಿಟಕಿಯೇ ಇಲ್ಲದ ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ. ಊರ ನಡುವಿನ ಹಳ್ಳವೇ ಚರಂಡಿ, ಮಿಲ್ಲಿನ ಬಣ್ಣದ ನೀರೂ ಅದಕ್ಕೇ, ಮನುಷ್ಯರ ಹೊಲಸೂ ಅದಕ್ಕೇ. ನೂರಾರು ಚಿಮಣಿಗಳ ಹೊಗೆ ಬೇರೆ. 1849ರಲ್ಲಿ ಕಾಲರಾ ಬಂದು ನೂರಾರು ಜನ ಸತ್ತರು.

ಆ ಕಾಲರಾ ವರ್ಷದಲ್ಲಿ ಬ್ರಾಡ್‌ಫರ್ಡಿನ ಮೇಯರ್ ಆಗಿದ್ದವನು ಟೈಟಸ್ ಸಾಲ್ಟ್. ಸ್ವತಃ ಐದಾರು ಮಿಲ್ಲುಗಳ ಮಾಲೀಕ. ಇವನು ಶ್ರೀಮಂತನಾದ ಕತೆ ಸ್ವಾರಸ್ಯವಾಗಿದೆ. 1830ರ ದಶಕದಲ್ಲಿ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಮೂಟೆಗಳು ಇವನ ಕಣ್ಣಿಗೆ ಬಿದ್ದವು. ಅದರಲ್ಲಿದ್ದದ್ದು ದಕ್ಷಿಣ ಅಮೆರಿಕದ ಅಲ್ಪಾಕಾ ಅನ್ನೋ ಪ್ರಾಣಿಯ ಉಣ್ಣೆ. ಉದ್ದನೆಯ, ಹೊಳಪಿನ ಎಳೆ, ಆದರೆ ಅಲ್ಲಿನ ಯಂತ್ರಗಳಿಗೆ ಒಗ್ಗುತ್ತಿರಲಿಲ್ಲ. ಸಾಲ್ಟ್ ಅದನ್ನ ತಂದು, ನೂಲು ತೆಗೆಯುವ ಬಗೆ ಕಂಡುಹಿಡಿದು, ಹತ್ತಿಯನ್ನ ಹಾಸಿಗೆ, ಅಲ್ಪಾಕಾವನ್ನ ಹೊಕ್ಕಿಗೆ ಹಾಕಿ ನೇಯಿಸಿದ. ರೇಷ್ಮೆ ಥರ ಮಿಂಚುವ, ರೇಷ್ಮೆಗಿಂತ ಅಗ್ಗದ ಬಟ್ಟೆ ತಯಾರಾಯಿತು. ಹೆಂಗಸರ ಉಡುಪಿಗೆ ಅದೇ ಫ್ಯಾಷನ್ ಆಯಿತು, ಸಾಲ್ಟ್ ಬ್ರಾಡ್‌ಫರ್ಡಿನ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ.

ಐವತ್ತರ ಹತ್ತಿರ ಬಂದಾಗ ಇಂಥವರು ಹಳ್ಳಿ ಕಡೆ ಬಂಗಲೆ ಕಟ್ಟಿಸಿಕೊಂಡು ಆರಾಮಾಗಿ ಇದ್ದುಬಿಡೋದು ವಾಡಿಕೆ. ಸಾಲ್ಟ್ ಹಾಗೆ ಮಾಡಲಿಲ್ಲ. ಇದ್ದ ಮಿಲ್ಲುಗಳನ್ನೆಲ್ಲ ಒಂದೇ ಸೂರಿನಡಿ ತರೋದು, ಅದನ್ನ ಬ್ರಾಡ್‌ಫರ್ಡಿನ ಹೊಗೆಯಿಂದಾಚೆ ಕಟ್ಟೋದು, ಜೊತೆಗೆ ಕೆಲಸಗಾರರಿಗೆ ಊರನ್ನೇ ಕಟ್ಟೋದು ಅಂತ ತೀರ್ಮಾನಿಸಿದ. ಏರ್ ನದಿಯ ದಡದಲ್ಲಿ ಜಾಗ ಆರಿಸಿದ. ಧರ್ಮಕಾರ್ಯಕ್ಕೆ ಅಂತ ಕಣ್ಣುಮುಚ್ಚಿ ಆರಿಸಿದ ಜಾಗ ಅಲ್ಲ ಅದು. ಒಂದು ಕಡೆ ನದಿ, ಪಕ್ಕದಲ್ಲೇ ಲೀಡ್ಸ್‌ನಿಂದ ಲಿವರ್‌ಪೂಲಿಗೆ ಹೋಗುವ ಕಾಲುವೆ, ಅದರಾಚೆ ರೈಲು ಹಳಿ. ಉಣ್ಣೆ ಬರೋದಕ್ಕೂ ಬಟ್ಟೆ ಹೋಗೋದಕ್ಕೂ ಇದಕ್ಕಿಂತ ಅನುಕೂಲ ಬೇಕೇ? ತನ್ನ ಹೆಸರು ಸಾಲ್ಟ್, ನದಿಯ ಹೆಸರು ಏರ್, ಎರಡೂ ಕೂಡಿಸಿ ಊರಿಗೆ ಸಾಲ್ಟೇರ್ ಅಂತ ಹೆಸರಿಟ್ಟ.

1853ರ ಸೆಪ್ಟೆಂಬರ್ 20, ಅವನ ಐವತ್ತನೇ ಹುಟ್ಟುಹಬ್ಬದ ದಿನ, ಮಿಲ್ಲಿನ ಉದ್ಘಾಟನೆ ಆಯಿತು. 545 ಅಡಿ ಉದ್ದದ ಕಟ್ಟಡ. ಉಣ್ಣೆ ಬಾಚುವ ಶೆಡ್ಡಿನೊಳಗೆ 3,000ಕ್ಕೂ ಹೆಚ್ಚು ಜನಕ್ಕೆ ಊಟ ಹಾಕಿಸಿದ. ಮನೆಗಳು ಆಗಿನ್ನೂ ಎದ್ದಿರಲಿಲ್ಲ, ಕೆಲಸಗಾರರು ಬ್ರಾಡ್‌ಫರ್ಡಿನಿಂದ ರೈಲಿನಲ್ಲಿ ಬಂದು ಹೋಗಬೇಕಿತ್ತು. ಆಮೇಲೆ ಸುಮಾರು ಹದಿನೈದು ವರ್ಷಗಳಲ್ಲಿ ಲಾಕ್‌ವುಡ್ ಮತ್ತು ಮಾಸನ್ ಅನ್ನೋ ವಾಸ್ತುಶಿಲ್ಪಿಗಳ ನಕ್ಷೆಯಂತೆ 22 ಬೀದಿ, 800ಕ್ಕೂ ಹೆಚ್ಚು ಮನೆ ಎದ್ದವು. 1871ರ ಹೊತ್ತಿಗೆ ಅಲ್ಲಿ 4,000ಕ್ಕೂ ಹೆಚ್ಚು ಜನ ವಾಸವಿದ್ದರು.

ಬೀದಿಗಳ ಹೆಸರು ಓದುತ್ತಾ ಹೋದರೆ ಸಾಲ್ಟ್‌ನ ರೇಷನ್ ಕಾರ್ಡು ಓದಿದ ಹಾಗಿರುತ್ತೆ. ಹೆಂಡತಿ ಕ್ಯಾರೊಲಿನ್ ಹೆಸರಲ್ಲೊಂದು. ಮಕ್ಕಳಾದ ಜಾರ್ಜ್, ಅಮೀಲಿಯಾ, ಎಡ್ವರ್ಡ್, ಹರ್ಬರ್ಟ್, ಹೆಲೆನ್, ಏಡಾ ಹೆಸರಲ್ಲಿ ಒಂದೊಂದು. ಅವನಿಗೆ ಹನ್ನೊಂದು ಮಕ್ಕಳು, ಹಾಗಾಗಿ ಹೆಸರಿನ ಕೊರತೆ ಇರಲಿಲ್ಲ. ಆಮೇಲೆ ರಾಣಿ, ರಾಣಿಯ ಗಂಡ, ಕೊನೆಗೆ ಆ ಇಬ್ಬರು ವಾಸ್ತುಶಿಲ್ಪಿಗಳು. ಇಷ್ಟೆಲ್ಲ ಬೀದಿಗಳಲ್ಲಿ ಮಗ್ಗ ನಡೆಸಿದ ಒಬ್ಬರ ಹೆಸರೂ ಇಲ್ಲ.

ನಾನು ಕ್ಯೂನಲ್ಲಿ ನಿಂತಿದ್ದ ಮನೆ ಅತಿ ಸಾಧಾರಣ ಕೆಲಸಗಾರರ ದರ್ಜೆಯದು. ಬಾಗಿಲು ನೇರ ಫುಟ್‌ಪಾತಿಗೇ ತೆರೆಯುತ್ತೆ. ಮೇಸ್ತ್ರಿಗಳ ಮನೆಗೆ ಮುಂದೆ ಒಂದಿಷ್ಟು ಕೈತೋಟ ಇದೆ, ಅದಕ್ಕಿಂತ ಮೇಲಿನವರಿಗೆ ಇನ್ನೂ ದೊಡ್ಡ ಮನೆ. ಗ್ರೇಡ್, ಬ್ಯಾಂಡ್, ಲೆವೆಲ್ ಅಂತೆಲ್ಲ ನಮ್ಮ ಎಚ್‌ಆರ್‌ನವರು ಎಕ್ಸೆಲ್ ಶೀಟಿನಲ್ಲಿ ಇಟ್ಟಿರೋದನ್ನ ಅವನು ಕಲ್ಲಿನಲ್ಲೇ ಕಟ್ಟಿಸಿದ್ದ. ಬೀದಿ ನೋಡಿದರೆ ಸಾಕು, ಯಾರ ಸಂಬಳ ಎಷ್ಟು ಅಂತ ಗೊತ್ತಾಗುತ್ತಿತ್ತು.

ಒಳಗೆ ಹೋದರೆ ಮುಂದಿನ ಕೋಣೆಯಲ್ಲಿ ಒಲೆಗೂಡು. ಅದರ ಹಿಂದೆ ಪಾತ್ರೆ ತೊಳೆಯೋದಕ್ಕೆ, ಅಡುಗೆ ಕೆಲಸಕ್ಕೆ ಒಂದು ಸಣ್ಣ ಕೋಣೆ. ಕಡಿದಾದ ಮೆಟ್ಟಿಲು ಹತ್ತಿದರೆ ಮಲಗುವ ಕೋಣೆಗಳು. ಇಳಿದರೆ ನೆಲಮಾಳಿಗೆ. ಹಿಂದೆ ಸಣ್ಣ ಅಂಗಳ, ಅಲ್ಲಿ ಆ ಮನೆಯದೇ ಆದ ಕಕ್ಕಸು, ಇದ್ದಿಲು ಇಡುವ ಜಾಗ. ಕೊಳಾಯಿ ನೀರು ಇತ್ತು, ಗ್ಯಾಸ್ ದೀಪ ಇತ್ತು. ಬ್ರಾಡ್‌ಫರ್ಡಿನ ನೆಲಮಾಳಿಗೆಯಿಂದ ಬಂದ ಕುಟುಂಬವೊಂದು ಮೊದಲ ರಾತ್ರಿ ಇಲ್ಲಿ ಬಾಗಿಲು ಹಾಕಿಕೊಂಡಾಗ ಏನನ್ನಿಸಿರಬಹುದು? ಹಿಂದೆ ಒಂದು ಕಿಟಕಿ, ಮುಂದೆ ಒಂದು ಕಿಟಕಿ, ಗಾಳಿ ಆಚೆಯಿಂದ ಈಚೆಗೆ ಹೋಗುತ್ತೆ ಅನ್ನೋದೇ ಅವರಿಗೆ ದೊಡ್ಡ ಐಷಾರಾಮ ಆಗಿದ್ದಿರಬೇಕು. ಇದನ್ನ ನಾನು ವ್ಯಂಗ್ಯವಿಲ್ಲದೇ ಹೇಳುತ್ತಿದ್ದೇನೆ. ಸಾಲ್ಟ್ ಕಟ್ಟಿಸಿದ್ದು ಒಳ್ಳೇ ಮನೆ. ನೂರೈವತ್ತು ವರ್ಷ ಕಳೆದರೂ ಗೋಡೆ ಬಿರುಕು ಬಿಟ್ಟಿಲ್ಲ.

ಮನೆಯಾಚೆಗೂ ಬಹಳಷ್ಟು ಕೊಟ್ಟಿದ್ದ. ಚರ್ಚು, ಶಾಲೆ, ಆಸ್ಪತ್ರೆ, ನದಿಯಾಚೆ ಪಾರ್ಕು. ವಯಸ್ಸಾದವರಿಗೆ ಅಂತ 45 ಮನೆ, ಅಲ್ಲಿದ್ದವರಿಗೆ ವಾರವಾರ ಪಿಂಚಣಿ. ಬ್ರಿಟಿಷ್ ಸರ್ಕಾರ ವೃದ್ಧಾಪ್ಯ ಪಿಂಚಣಿ ಕೊಡೋಕೆ ಶುರು ಮಾಡಿದ್ದೇ 1909ರಲ್ಲಿ. 1871ರಲ್ಲಿ ಇನ್‌ಸ್ಟಿಟ್ಯೂಟ್ ಅನ್ನೋ ಭವ್ಯ ಕಟ್ಟಡ ಬಂತು: ಲೈಬ್ರರಿ, ಓದುವ ಕೋಣೆ, ವ್ಯಾಯಾಮ ಶಾಲೆ, ಬಿಲಿಯರ್ಡ್ಸ್, ಸಂಗೀತ ಕಛೇರಿಗೆ ದೊಡ್ಡ ಹಾಲ್. ಆ ಪಟ್ಟಿ ಓದುವಾಗ ನನಗೆ ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಾಯಿತು. ಹಳ್ಳಿಯಿಂದ ಬಂದು ಬಿಇ ಮುಗಿಸಿದ್ದ ನನ್ನನ್ನ ಕ್ಯಾಂಪಸ್ ತೋರಿಸೋಕೆ ಕರೆದುಕೊಂಡು ಹೋಗಿದ್ದರು. ಜಿಮ್ಮು, ಈಜುಕೊಳ, ಫುಡ್ ಕೋರ್ಟು, ಟೇಬಲ್ ಟೆನಿಸ್. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ "ಇಲ್ಲಿ ಎಲ್ಲಾ ಐತವ್ವಾ, ಮನೆಗೇ ಹೋಗೋದು ಬೇಡ ಅನ್ಸುತ್ತೆ" ಅಂದಿದ್ದೆ. ಮನೆಗೆ ಹೋಗೋದು ಬೇಡ ಅನ್ನಿಸಲಿ ಅಂತಾನೇ ಅದನ್ನೆಲ್ಲ ಕಟ್ಟಿಸಿದ್ದು ಅನ್ನೋದು ತಿಳಿಯೋಕೆ ನನಗೆ ಎರಡು ಅಪ್ರೈಸಲ್ ಬೇಕಾಯಿತು.

ಸಾಲ್ಟೇರಿನಲ್ಲಿ ಇಲ್ಲದ ಒಂದೇ ಒಂದು ಸೌಕರ್ಯ ಅಂದರೆ ಹೆಂಡದಂಗಡಿ. ಕುಡಿತ ಕಂಡರೆ ಸಾಲ್ಟ್‌ಗೆ ಆಗುತ್ತಿರಲಿಲ್ಲ, ಪಬ್ಬಿಗೆ ಜಾಗವನ್ನೇ ಬಿಡಲಿಲ್ಲ. (ಈಗಿನ ಕಾಲದಲ್ಲಿ ಅಲ್ಲೊಂದು ಬಾರ್ ತೆರೆದವರು ಅದಕ್ಕೆ 'ಟೈಟಸ್‌ಗೆ ಹೇಳಬೇಡಿ' ಅಂತಲೇ ಹೆಸರಿಟ್ಟಿದ್ದರು!) ಬೀದಿಯಲ್ಲಿ ಒದ್ದೆ ಬಟ್ಟೆ ನೇತುಹಾಕೋದೂ ಅವನಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ 1863ರಲ್ಲಿ ಉಗಿ ಯಂತ್ರದಿಂದ ಬಟ್ಟೆ ಒಗೆಯುವ, ಹಿಂಡುವ ಸಾರ್ವಜನಿಕ ಒಗೆಯುವ ಮನೆಯನ್ನೇ ಕಟ್ಟಿಸಿದ. ಆ ಕಾಲಕ್ಕೆ ವಾಷಿಂಗ್ ಮೆಷಿನ್! ಆದರೂ ಯೋಚಿಸಿ, ನಮ್ಮ ಮನೆಯ ಲಂಗ, ಪಂಚೆಗಳನ್ನ ಎಲ್ಲಿ ಒಣಗಿಸಬೇಕು ಅಂತ ನಮ್ಮ ಕಂಪನಿಯ ಮಾಲೀಕ ಯೋಚಿಸಿದರೆ ಹೇಗಿರುತ್ತೆ?

ಇಲ್ಲಿಗೆ ವಿಷಯದ ಗಂಟಿಗೆ ಬಂದೆವು. ಸಾಲ್ಟೇರಿನ ಮನೆಗಳು ಇದ್ದವರ ಸ್ವಂತ ಮನೆಗಳಾಗಿರಲಿಲ್ಲ. ಎಲ್ಲರೂ ಬಾಡಿಗೆದಾರರು. ಸಂಬಳ ಕೊಡುವ ಕೈಯೂ ಅದೇ, ಬಾಡಿಗೆ ಇಸಕೊಳ್ಳುವ ಕೈಯೂ ಅದೇ. ಅಂಥ ಊರಲ್ಲಿ ಮಿಲ್ಲಿನ ಜೊತೆ ಜಗಳ ಆಡುವವನು ಸಂಬಳದ ಬಗ್ಗೆ ಮಾತ್ರ ಯೋಚಿಸಿದರೆ ಸಾಲದು. ಹೆಂಡತಿ ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ ಅಂತಲೂ ಯೋಚಿಸಬೇಕು. ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಒಂದು ಕಲ್ಲೂ ನಿಮ್ಮದಾಗೋದಿಲ್ಲ. ವಯಸ್ಸಾದ ಮೇಲೆ? ಒಳ್ಳೇ ನಡತೆಯವರಿಗೆ ಆ 45 ಮನೆ ಇದ್ದವು. ಊರಲ್ಲಿದ್ದವರು 4,000ಕ್ಕೂ ಮೇಲೆ.

ಇದನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಸೋದರಮಾವ ಜಿಲ್ಲಾ ಕೇಂದ್ರದ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದರು. ಬೇಸಿಗೆ ರಜಕ್ಕೆ ನಾನು ಹೋಗುತ್ತಿದ್ದುದು ಅವರ ಲೈನ್ ಮನೆಗೆ. ಬಾಗಿಲ ಮೇಲೆ ಬಿಳೀ ಪೇಂಟಿನಲ್ಲಿ ನಂಬರು. ಒಂದು ಕೋಣೆ, ಒಂದು ಅಡುಗೆಮನೆ, ಸಾಲಿಗೊಂದು ನಲ್ಲಿ. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒಳಕಲ್ಲು, ಅತ್ತೆ ಅದರಲ್ಲಿ ಚಟ್ನಿ ರುಬ್ಬುತ್ತಿದ್ದರು. ಪಾಳಿಯ ಸೈರನ್ ಕೂಗಿದರೆ ಗಡಿಯಾರ ಬೇಕಿರಲಿಲ್ಲ. ನನಗದು ಸ್ವರ್ಗ. ಮಾವನ ಒಂದೇ ಒಂದು ವಿಚಿತ್ರ ಅಭ್ಯಾಸ ನನಗೆ ಅರ್ಥವಾಗುತ್ತಿರಲಿಲ್ಲ: ಕ್ಯಾಲೆಂಡರನ್ನ ಗೋಡೆಗೆ ತೂಗುಹಾಕದೆ ಕಿಟಕಿ ಸರಳಿಗೆ ದಾರದಿಂದ ಕಟ್ಟಿರುತ್ತಿದ್ದರು. ಕೇಳಿದರೆ, "ಗೋಡೆ ನಮ್ಮದಲ್ಲಪ್ಪ. ಮೊಳೆ ಹೊಡದ್ರೆ ಬರಕೊಂಡು ಹೋಗ್ತಾರೆ" ಅನ್ನುತ್ತಿದ್ದರು.

ನಾನು ಪಿಯುಸಿಯಲ್ಲಿದ್ದಾಗ ಮಿಲ್ಲು ಮುಚ್ಚಿತು. ಮನೆ ಖಾಲಿ ಮಾಡಿ ಅಂತ ಕಾಗದ ಬಂತು. ಲಾರಿಗೆ ಸಾಮಾನು ಹೇರುವಾಗ ನಾನೂ ಹೋಗಿದ್ದೆ. ಅತ್ತೆ ಹಿತ್ತಲಿನ ಕರಿಬೇವಿನ ಗಿಡದ ಬುಡದಿಂದ ಒಂದು ಸಸಿ ಕಿತ್ತುಕೊಂಡರು. ಒಳಕಲ್ಲನ್ನ ಕೀಳೋಕೆ ಆಗಲಿಲ್ಲ. ಅದು ನೆಲದ್ದು. ನೆಲ ಅವರದ್ದಲ್ಲ. ಮೂವತ್ತೊಂದು ವರ್ಷ ಕೆಲಸ ಮಾಡಿದ ಮಾವ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನ ಆಫೀಸಿನ ಗುಮಾಸ್ತನ ಕೈಗೆ ಕೊಟ್ಟು, ರಶೀದಿಗೆ ಸಹಿ ಹಾಕಿ ಬಂದರು.

ಸಾಲ್ಟೇರಿನ ಆ ನೆಲಮಾಳಿಗೆಗೆ ಇಳಿದು, ಬೆಣ್ಣೆ ಮಾಂಸ ತಂಪಾಗಿರಲಿ ಅಂತ ಹಾಕಿದ್ದ ಕಲ್ಲಿನ ಕಟ್ಟೆಯ ಮೇಲೆ ಕೈಯಿಟ್ಟಾಗ ನನಗೆ ನೆನಪಾದದ್ದು ಆ ಒಳಕಲ್ಲು. ಏಜೆಂಟ್ ಹುಡುಗಿ ಹಿಂದಿನಿಂದ ಉತ್ಸಾಹದಲ್ಲಿ "ಇದು ಒರಿಜಿನಲ್" ಅಂದಳು. ನನ್ನ ಮುಂದಿದ್ದ ದಂಪತಿ ಅಲ್ಲಿ ವೈನ್ ಬಾಟಲಿ ಜೋಡಿಸಬಹುದಾ ಅಂತ ಅಳತೆ ಹಿಡಿಯುತ್ತಿದ್ದರು. ತಪ್ಪೇನಿಲ್ಲ, ಮನೆ ಅಂದ ಮೇಲೆ ಇರೋವರಿಗೆ ಬೇಕಾದ ಹಾಗೆ ಇರಬೇಕು. ನನಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಒಲೆಗೂಡು, ಚಪ್ಪಡಿ, ಕಿಟಕಿ ಎಲ್ಲ ಆ ಕಾಲದ ಲಕ್ಷಣಗಳೇ, ಒಪ್ಪಿದೆ. ಆದರೆ ಆ ಕಾಲದ ಈ ಮನೆಯ ದೊಡ್ಡ ಲಕ್ಷಣ ಅಂದರೆ ಇದನ್ನ ಇಲ್ಲಿದ್ದವರು ಮಾರುವ ಹಾಗಿರಲಿಲ್ಲ. ಆ ಒಂದು ಲಕ್ಷಣ ಹೋಗಿದೆ. ಹೋದದ್ದು ಯಾವಾಗ?

ಉತ್ತರ ಆ ಊರಿನ ಕತೆಯ ದ್ವಿತೀಯಾರ್ಧದಲ್ಲಿದೆ. ಸಾಲ್ಟ್ 1876ರಲ್ಲಿ ತೀರಿಕೊಂಡ. ಶವಯಾತ್ರೆ ನೋಡೋಕೆ ಲಕ್ಷಕ್ಕೂ ಹೆಚ್ಚು ಜನ ರಸ್ತೆಯಲ್ಲಿ ನಿಂತಿದ್ದರಂತೆ. ಹೆದರಿಕೆಗೆ ಅಷ್ಟು ಜನ ನಿಲ್ಲೋದಿಲ್ಲ, ಪ್ರೀತಿಯೂ ಇತ್ತು ಅನ್ನಿ. ಆದರೆ ಮಾಲೀಕನ ಒಳ್ಳೆಯತನದ ಮೇಲೆ ನಿಂತ ಊರಿಗೆ ಆ ಮಾಲೀಕ ಹೋದ ಮೇಲೆ ಏನು ಆಧಾರ? ಅಲ್ಪಾಕಾ ಫ್ಯಾಷನ್ ಇಳಿಯಿತು. 1890ರಲ್ಲಿ ಅಮೆರಿಕ ಆಮದು ಸುಂಕ ಏರಿಸಿ ಬ್ರಾಡ್‌ಫರ್ಡಿನ ಬಟ್ಟೆಗೆ ದೊಡ್ಡ ಪೆಟ್ಟು ಕೊಟ್ಟಿತು. 1892ರಲ್ಲಿ ಕಂಪನಿ ದಿವಾಳಿಯ ದಾರಿ ಹಿಡಿದು ಸಾಲ್ಟ್ ಕುಟುಂಬದ ಕೈತಪ್ಪಿತು. ಜೇಮ್ಸ್ ರಾಬರ್ಟ್ಸ್ ಅನ್ನೋ ಉದ್ಯಮಿ ಮತ್ತು ಜೊತೆಗಾರರು ಕೊಂಡರು, ಅವರಿಂದ 1918ರಲ್ಲಿ ಇನ್ನೊಂದು ಗುಂಪಿಗೆ ಹೋಯಿತು. ಪ್ರತಿ ಸಲ ಮಿಲ್ಲು ಕೈ ಬದಲಾದಾಗಲೂ ಮಗ್ಗಗಳ ಜೊತೆ ಮನೆಗಳೂ ಹೋಗುತ್ತಿದ್ದವು. ಮನೆಯೊಳಗಿದ್ದವರನ್ನ ಯಾರೂ ಕೇಳಬೇಕಿರಲಿಲ್ಲ.

1933ರಲ್ಲಿ ಮಿಲ್ಲಿನ ಕಂಪನಿ ಮನೆಗಳನ್ನ ಮಿಲ್ಲಿನಿಂದ ಬೇರ್ಪಡಿಸಿ ಬ್ರಾಡ್‌ಫರ್ಡ್ ಪ್ರಾಪರ್ಟಿ ಟ್ರಸ್ಟ್ ಅನ್ನೋ ಸಂಸ್ಥೆಗೆ ಮಾರಿತು. ಅದು ಮನೆಗಳನ್ನ ಬಿಡಿಬಿಡಿಯಾಗಿ ಮಾರೋಕೆ ಶುರು ಮಾಡಿತು, ಬಾಡಿಗೆಗಿದ್ದವರೂ ಕೊಳ್ಳಬಹುದಾಯಿತು. ಯಾವ ಪ್ರತಿಮೆಯೂ ಇಲ್ಲದ, ಯಾವ ಭಾಷಣವೂ ಇಲ್ಲದ ವ್ಯವಹಾರ. ಕಂಪನಿಗೆ ಮನೆ ಸಾಕೋದು ಹೊರೆಯಾಗಿತ್ತು, ಕಳಚಿಕೊಂಡಿತು, ಅಷ್ಟೇ. ಆದರೆ ಒಲೆ ಮುಂದೆ ಕೂತು ಎರಡು ತಲೆಮಾರು ಬಾಡಿಗೆ ಕಟ್ಟಿದ ಮನೆಯವರ ಮಟ್ಟಿಗೆ, 1853ರ ಉದ್ಘಾಟನೆಯ ಊಟಕ್ಕಿಂತ ಇದು ದೊಡ್ಡ ಸಂಗತಿ ಅಂತ ನನ್ನ ಅನಿಸಿಕೆ. ಸಾಲ್ಟ್ ತನ್ನ ಔದಾರ್ಯದಲ್ಲಿ ಎಲ್ಲ ಕೊಟ್ಟಿದ್ದ, ಇದೊಂದನ್ನ ಬಿಟ್ಟು. ಅದು ಸಿಕ್ಕಿದ್ದು ಎಂಬತ್ತು ವರ್ಷದ ನಂತರ, ವ್ಯಾಪಾರದಲ್ಲಿ.

ಅದರ ಬೆಲೆ ಗೊತ್ತಾದದ್ದು ಇನ್ನೂ ಅರ್ಧ ಶತಮಾನದ ಮೇಲೆ. 1986ರಲ್ಲಿ ಮಿಲ್ಲು ನಿಂತಿತು. ಮನೆಗಳು ಇನ್ನೂ ಮಿಲ್ಲಿನದೇ ಆಗಿದ್ದರೆ? ನಮ್ಮ ಮಾವನಂತೆ ಬೀಗದ ಕೈ ಗುಮಾಸ್ತನಿಗೆ ಕೊಟ್ಟು ಹೋಗಬೇಕಾದವರು ಎಷ್ಟು ಜನವೋ. ಹಾಗಾಗಲಿಲ್ಲ. ಮಿಲ್ಲು ಸತ್ತಿತು, ಊರು ಉಳಿಯಿತು. ಮರುವರ್ಷ ಜೊನಾಥನ್ ಸಿಲ್ವರ್ ಅನ್ನೋ ಸ್ಥಳೀಯ ವ್ಯಾಪಾರಿ ಆ ಪಾಳು ಮಿಲ್ಲು ಕೊಂಡು, ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಚಿತ್ರಕಾರ ಡೇವಿಡ್ ಹಾಕ್ನಿಯ ಚಿತ್ರಗಳ ಗ್ಯಾಲರಿ ತೆರೆದ. ಅಂಗಡಿ, ಕೆಫೆ, ಆಫೀಸು ಬಂದವು. 2001ರಲ್ಲಿ ಇಡೀ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಂಪಿ ಇದೆಯಲ್ಲ, ಅದೇ ಪಟ್ಟಿ.

ಈಗ ಇನ್ನೊಂದು ತಮಾಷೆ ನೋಡಿ. ಪಾರಂಪರಿಕ ಕಟ್ಟಡ ಅಂದಮೇಲೆ ಕಾನೂನಿನ ರಕ್ಷಣೆ. ಎರಡು ಕೋಟಿ ಕೊಟ್ಟು ಕೊಂಡವನೂ ಬಾಗಿಲು ಬದಲಾಯಿಸಬೇಕಾದರೆ, ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ಕಿನದು ಹಾಕಬೇಕಾದರೆ ಸ್ಥಳೀಯ ಆಡಳಿತದ ಅನುಮತಿ ಕೇಳಬೇಕು. ಏಜೆಂಟ್ ಹುಡುಗಿ ಅದನ್ನ ಮೆಲ್ಲಗೆ ಹೇಳಿದಾಗ ಆ ದಂಪತಿ ಮುಖ ಮುಖ ನೋಡಿಕೊಂಡರು. ನೇಕಾರರು ಟೈಟಸ್‌ನ ಮರ್ಜಿ ನೋಡಬೇಕಿತ್ತು, ಇವರು ಚರಿತ್ರೆಯ ಮರ್ಜಿ ನೋಡಬೇಕು. ಒಂದೇ ವ್ಯತ್ಯಾಸ ಅಂದರೆ, ಇವರಿಗೆ ಬೇಸರವಾದರೆ ಬೋರ್ಡು ನೆಟ್ಟು ಮಾರಿ ಹೋಗಬಹುದು. ಆ ವ್ಯತ್ಯಾಸ ಸಣ್ಣದೇನಲ್ಲ.

ಹೊರಗೆ ಬಂದು ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಸಾಯಂಕಾಲ, ಜಗಲಿ ಮೇಲೆ ಕೂತಿದ್ದರು. ಬೀದಿ ತೋರಿಸಿದೆ, ಮಿಲ್ಲು ತೋರಿಸಿದೆ.

"ಇಷ್ಟು ಚೆಂದದ ಮನೆ ಯಾರವೋ?"

"ಮಿಲ್ ಕೆಲಸದವ್ರದ್ದು ಮಾವ. ನಿಮ್ಮ ಲೈನ್ ಮನೆ ಇದ್ದಂಗೆ. ಈಗ ಮಿಲ್ಲು ಮುಚ್ಚೈತೆ."

"ಅಯ್ಯೋ. ಹಂಗಾರೆ ಖಾಲಿ ಮಾಡ್ಸಿ ಮಾರ್ತಿದಾರಾ?"

"ಇಲ್ಲ ಮಾವ. ಮಿಲ್ಲಿನವ್ರು ಅಲ್ಲ ಮಾರ್ತಿರೋದು. ಇರೋವ್ರೇ ಮಾರ್ತಿದಾರೆ. ಮನೆ ಅವ್ರದ್ದೇ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ "ಅವ್ರದ್ದೇ ಮಾಡಿಕೊಟ್ರಾ? ಹಂಗಾದ್ರೆ ಒಳ್ಳೇದಾತು ಬಿಡು" ಅಂದರು. ಪಕ್ಕದಿಂದ ಅತ್ತೆಯ ದನಿ ಬಂತು: "ಒಳಕಲ್ಲು ಐತಾ ಕೇಳ್ರಿ."

ವಾಪಸ್ ರೈಲಿನಲ್ಲಿ ಕೂತಾಗ ನನ್ನ ಲೆಕ್ಕಾಚಾರವೂ ಶುರುವಾಯಿತು. ಲೀಡ್ಸ್‌ನಲ್ಲಿ ನಾನಿದ್ದ ಅಪಾರ್ಟ್‌ಮೆಂಟ್ ಕಂಪನಿ ಕೊಟ್ಟಿದ್ದು. ವೀಸಾದ ಮೇಲೆ ಕಂಪನಿಯ ಹೆಸರು. ಬೆಂಗಳೂರಿನ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಸಾಲ, ಅದು ತೀರೋವರೆಗೆ ಪತ್ರ ಬ್ಯಾಂಕಿನ ಲಾಕರಿನಲ್ಲಿ. ಕೆಲಸ ಹೋದರೆ ಇವು ಮೂರರಲ್ಲಿ ಯಾವುದು ಎಷ್ಟು ತಿಂಗಳು ನಿಲ್ಲುತ್ತೆ ಅಂತ ಎಣಿಸಿ ನೋಡಿದೆ. ನೀವೂ ಒಂದು ಸಲ ಎಣಿಸಿ. ಹೆದರಿಸೋಕೆ ಹೇಳುತ್ತಿಲ್ಲ. ಕಂಪನಿ ಕೊಡುವ ಸೌಕರ್ಯ ಯಾವುದು, ನಮ್ಮದು ಯಾವುದು ಅನ್ನೋದನ್ನ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಂಡಿರೋದು ಒಳ್ಳೇದು, ಅಷ್ಟೇ. ಮಾಲೀಕ ಒಳ್ಳೆಯವನಾಗಿದ್ದಾಗಲೇ ಬರೆದುಕೊಳ್ಳಬೇಕು, ಆಮೇಲೆ ಪುರುಸೊತ್ತು ಸಿಗೋದಿಲ್ಲ.

ಎರಡು ವಾರದ ನಂತರ ಮತ್ತೆ ಆ ಕಡೆ ಹೋದಾಗ ಬೋರ್ಡಿನ ಮೇಲೆ 'ಮಾರಾಟವಾಗಿದೆ' ಅಂತ ಪಟ್ಟಿ ಅಂಟಿಸಿದ್ದರು.

ಮಾವ ಮಿಲ್ಲಿನ ಲೆಕ್ಕ ಚುಕ್ತಾ ಆದಾಗ ಬಂದ ದುಡ್ಡಲ್ಲಿ ನಮ್ಮೂರಿನಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಾರೆ. ಶೀಟಿನ ಮನೆ. ಲೈನ್ ಮನೆಯಷ್ಟು ಗಟ್ಟಿ ಇಲ್ಲ, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತೆ. ಹಿತ್ತಲಲ್ಲಿ ಆ ಕರಿಬೇವು ಮರವಾಗಿದೆ. ಆದರೆ ಮನೆಯೊಳಗೆ ಹೋದವರು ಮೊದಲು ಗಮನಿಸೋದು ಗೋಡೆಯನ್ನ. ಎಲ್ಲಿ ನೋಡಿದರೂ ಮೊಳೆ. ಕ್ಯಾಲೆಂಡರಿಗೆ ಒಂದು, ದೇವರ ಪಟಕ್ಕೆ ನಾಲ್ಕು, ಚೀಲಕ್ಕೆ, ಛತ್ರಿಗೆ, ಟಾರ್ಚಿಗೆ. ಏನೂ ತೂಗುಹಾಕದ ಮೊಳೆಗಳೇ ಹತ್ತಿಪ್ಪತ್ತು ಇವೆ. "ಗೋಡೆ ಹಾಳು ಮಾಡಿಟ್ಟಾರೆ ನೋಡು" ಅಂತ ಅತ್ತೆ ಇವತ್ತಿಗೂ ಬೈಯುತ್ತಾರೆ. ಮಾವ ಏನೂ ಹೇಳೋದಿಲ್ಲ. ಹೋದ ಸಲ ನಾನು ಹೋದಾಗ ಬ್ಯಾಗನ್ನ ಕೈಯಿಂದ ಇಸಕೊಂಡು, ಸುತ್ತ ನೋಡಿ, ಹೊಸದೊಂದು ಮೊಳೆ ಹುಡುಕೋಕೆ ಒಳಗೆ ಹೋದರು.